ಏಜಿಯನ್ ದ್ವೀಪದಲ್ಲಿ ಒಬ್ಬಳೇ ಹತ್ತು ತಿಂಗಳು

ಗ್ರೀಸಿನ ದ್ವೀಪ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕ್ಯಾಲೆಂಡರಿನ ಚಿತ್ರ. ನೀಲಿ ಗುಮ್ಮಟ, ಸುಣ್ಣ ಬಳಿದ ಬಿಳಿ ಗೋಡೆ, ಕೆಳಗೆ ಕಡುನೀಲಿ ಸಮುದ್ರ. ಅದು ಸಾಂತೊರಿನಿ ಎಂಬ ಒಂದು ದ್ವೀಪದ ಚಿತ್ರ, ಅದೂ ಬೇಸಿಗೆಯದು. ಗ್ರೀಸಿನಲ್ಲಿ ಜನವಸತಿಯಿರುವ ದ್ವೀಪಗಳೇ ಇನ್ನೂರಕ್ಕೂ ಹೆಚ್ಚು ಇವೆ. ಒಂದೊಂದರ ಮಣ್ಣು, ನೀರು, ಗಾಳಿ ಬೇರೆ ಬೇರೆ. ನಾಲ್ಕು ದಿನ ಪ್ರವಾಸ ಹೋಗಿ ಬರುವವರಿಗೆ ಕ್ಯಾಲೆಂಡರಿನ ಚಿತ್ರವೇ ಸಾಕು. ಓದಿಗಾಗಿಯೋ ಸಂಶೋಧನೆಗಾಗಿಯೋ ಒಬ್ಬರೇ ಹೋಗಿ ಹಲವು ತಿಂಗಳು ಅಲ್ಲಿ ನೆಲೆಸುವವರಿಗೆ ಅದರಿಂದ ಏನೂ ತಿಳಿಯುವುದಿಲ್ಲ.

ಇಂದು ತಾಲ್ಲೂಕು ಕೇಂದ್ರಗಳ ಶಾಲೆಗಳಲ್ಲಿ ಓದಿದ ಮಕ್ಕಳೂ ದೂರದೂರದ ದೇಶಗಳಿಗೆ ಹೋಗುತ್ತಿದ್ದಾರೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಪರಿಸರ ವಿಜ್ಞಾನದ ಸಂಶೋಧನೆಗೆಂದು ಲೆಸ್ವೊಸ್ ದ್ವೀಪಕ್ಕೆ ಹೋಗಿ ಹತ್ತು ತಿಂಗಳು ಒಬ್ಬಳೇ ಇದ್ದು ಬಂದಳು. ಹೋಗುವ ಮುಂಚೆ ಅವಳ ತಂದೆ ನನ್ನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: “ಸುತ್ತಲೂ ನೀರು, ಗುರುತಿನವರು ಒಬ್ಬರೂ ಇಲ್ಲ. ಹುಡುಗಿ ಹೇಗಿರ್ತಾಳೆ ಮೇಷ್ಟ್ರೇ?” ಈ ಪ್ರಶ್ನೆ ಅವರೊಬ್ಬರದಲ್ಲ. ಮಕ್ಕಳನ್ನು ದೂರ ಕಳುಹಿಸುವ ಎಲ್ಲ ತಂದೆತಾಯಿಯರದು. ಆಕೆ ಪತ್ರಗಳಲ್ಲಿ ಬರೆದದ್ದು, ಫೋನಿನಲ್ಲಿ ಹೇಳಿದ್ದು, ಅದರ ಜೊತೆಗೆ ಭೂಗೋಳ ಮತ್ತು ವಿಜ್ಞಾನದ ಪುಸ್ತಕಗಳಿಂದ ನಾನು ತಿಳಿದದ್ದು, ಎಲ್ಲವನ್ನೂ ಸೇರಿಸಿ ಈ ಲೇಖನದಲ್ಲಿ ಕೊಟ್ಟಿದ್ದೇನೆ.

ಎಲ್ಲಿದೆ ಈ ದ್ವೀಪ?

ಗ್ರೀಸ್ ಮತ್ತು ಟರ್ಕಿಗಳ ನಡುವಿನ ಸಮುದ್ರಕ್ಕೆ ಏಜಿಯನ್ ಎಂದು ಹೆಸರು. ಅದರ ಪೂರ್ವದ ಅಂಚಿನಲ್ಲಿದೆ ಲೆಸ್ವೊಸ್. ಇಂಗ್ಲಿಷ್ ಪುಸ್ತಕಗಳಲ್ಲಿ ಇದು ಲೆಸ್ಬೋಸ್. ವಿಸ್ತೀರ್ಣ ಸುಮಾರು 1,630 ಚದರ ಕಿಲೋಮೀಟರ್. ಕ್ರೀಟ್ ಮತ್ತು ಯೂಬಿಯ ಬಿಟ್ಟರೆ ಗ್ರೀಸಿನಲ್ಲಿ ಇದೇ ದೊಡ್ಡ ದ್ವೀಪ. 2021ರ ಜನಗಣತಿಯಂತೆ ಇಲ್ಲಿನ ಜನ ಸುಮಾರು 83 ಸಾವಿರ. ಉತ್ತರದ ದಂಡೆಯಲ್ಲಿ ನಿಂತರೆ ಟರ್ಕಿಯ ಬೆಟ್ಟಗಳು ಬರಿಗಣ್ಣಿಗೇ ಕಾಣುತ್ತವೆ. ಮುಖ್ಯ ಪಟ್ಟಣ ಮಿತಿಲೀನಿ. 1984ರಲ್ಲಿ ಸ್ಥಾಪನೆಯಾದ ಏಜಿಯನ್ ವಿಶ್ವವಿದ್ಯಾಲಯದ ಕೇಂದ್ರ ಇರುವುದು ಅಲ್ಲಿಯೇ. ಪರಿಸರ, ಸಾಗರ ವಿಜ್ಞಾನ ಮುಂತಾದ ವಿಭಾಗಗಳು ಅಲ್ಲಿವೆ.

ಅಥೆನ್ಸಿನಿಂದ ವಿಮಾನದಲ್ಲಿ ಒಂದು ಗಂಟೆಯೊಳಗೆ ತಲುಪಬಹುದು. ಪಿರೇಯಸ್ ಬಂದರಿನಿಂದ ಹಡಗಿನಲ್ಲಾದರೆ ಹನ್ನೊಂದು ಹನ್ನೆರಡು ಗಂಟೆಯ ಪ್ರಯಾಣ. ಸಾಮಾನು ಹೆಚ್ಚಿರುವ ವಿದ್ಯಾರ್ಥಿಗಳಿಗೆ ಹಡಗೇ ಅನುಕೂಲ. ರಾತ್ರಿ ಹತ್ತಿ ಬೆಳಿಗ್ಗೆ ಇಳಿಯಬಹುದು.

ಹೊರಡುವ ಮುಂಚೆ ಕಾಗದಪತ್ರದ ವಿಷಯ ತಿಳಿದಿರಲಿ. ಗ್ರೀಸ್ ಷೆಂಗೆನ್ ಒಕ್ಕೂಟದ ದೇಶ. ಪ್ರವಾಸಿ ವೀಸಾದಲ್ಲಿ ಯಾವುದೇ 180 ದಿನಗಳ ಅವಧಿಯೊಳಗೆ 90 ದಿನ ಮಾತ್ರ ಇರಬಹುದು. ಅದಕ್ಕಿಂತ ಹೆಚ್ಚು ಇರಬೇಕಾದವರು ಗ್ರೀಸಿನದೇ ದೀರ್ಘಾವಧಿ ವೀಸಾ ಪಡೆಯಬೇಕು. ಪ್ರವಾಸಿ ವೀಸಾದಲ್ಲಿ ಹೋಗಿ ಅಲ್ಲಿಂದಲೇ ವಿಸ್ತರಿಸಿಕೊಂಡರಾಯಿತು ಎಂದು ಯಾರಾದರೂ ಹೇಳಿದರೆ ನಂಬಬಾರದು.

ಅರ್ಧ ಅಕ್ಷರಮಾಲೆ ಗೊತ್ತೇ ಇದೆ

ಭಾಷೆಯ ಭಯ ಎಲ್ಲರಿಗೂ ಇರುತ್ತದೆ. ವಿಜ್ಞಾನ ಓದಿದ ಮಕ್ಕಳಿಗೆ ಮಾತ್ರ ಇಲ್ಲಿ ಒಂದು ಅನುಕೂಲವಿದೆ. ಕೋನಕ್ಕೆ ಥೀಟಾ, ವೃತ್ತಕ್ಕೆ ಪೈ, ತರಂಗದ ಉದ್ದಕ್ಕೆ ಲ್ಯಾಂಬ್ಡಾ, ಸಾಂದ್ರತೆಗೆ ರೋ, ಮೊತ್ತಕ್ಕೆ ಸಿಗ್ಮಾ, ವಿದ್ಯುತ್ ರೋಧಕ್ಕೆ ಒಮೇಗಾ ಎಂದು ಹೈಸ್ಕೂಲಿನಿಂದ ಬರೆದುಕೊಂಡೇ ಬಂದಿರುತ್ತಾರೆ. ಒಟ್ಟು 24 ಅಕ್ಷರಗಳಲ್ಲಿ ಅರ್ಧಕ್ಕೂ ಹೆಚ್ಚು ಆಗಲೇ ಪರಿಚಯ. ನಮ್ಮ ಹುಡುಗಿ ಒಂದು ವಾರದಲ್ಲಿ ಅಂಗಡಿಗಳ ಬೋರ್ಡು ಓದಲು ಕಲಿತಳು. ಹಸಿರು ಶಿಲುಬೆಯ ಗುರುತಿನ ಕೆಳಗೆ ‘ಫಾರ್ಮಕೀಯೊ’ ಎಂದು ಓದಿದಾಗ ಅದು ಔಷಧದ ಅಂಗಡಿ ಎಂದು ಯಾರೂ ಹೇಳಿಕೊಡಬೇಕಾಗಲಿಲ್ಲ.

ಮಾತಿನಲ್ಲಿ ಎರಡು ಎಡವಟ್ಟುಗಳಿವೆ. ಗ್ರೀಕಿನಲ್ಲಿ ‘ನೇ’ ಎಂದರೆ ‘ಹೌದು’. ಕೇಳಿದರೆ ಇಂಗ್ಲಿಷಿನ ‘ನೋ’ ಎಂದೇ ಅನ್ನಿಸುತ್ತದೆ. ‘ಇಲ್ಲ’ ಎನ್ನಲು ‘ಓಹಿ’ ಎನ್ನುತ್ತಾರೆ. ಬಾಯಿಬಿಟ್ಟು ಹೇಳದೆ ತಲೆಯನ್ನು ಸ್ವಲ್ಪ ಮೇಲೆತ್ತಿ ಹುಬ್ಬೇರಿಸಿದರೂ ‘ಇಲ್ಲ’ ಎಂದೇ ಅರ್ಥ. ನಾವು ಕತ್ತನ್ನು ಆ ಕಡೆ ಈ ಕಡೆ ಓಲಾಡಿಸಿ ‘ಆಗಲಿ’ ಎನ್ನುತ್ತೇವಲ್ಲ, ಅದು ಅವರಿಗೆ ಏನೂ ತಿಳಿಯುವುದಿಲ್ಲ. ಆದ್ದರಿಂದ ಮೊದಲ ತಿಂಗಳು ತಲೆ ಆಡಿಸದೆ ಬಾಯಲ್ಲೇ ಹೇಳುವುದು ಒಳ್ಳೆಯದು. ‘ಕಲಿಮೇರಾ’ ಎಂದರೆ ಶುಭದಿನ, ‘ಎಫ್ಖರಿಸ್ತೊ’ ಎಂದರೆ ಧನ್ಯವಾದ. ಈ ಎರಡು ಮಾತು ನಾಲಿಗೆಯ ತುದಿಯಲ್ಲಿದ್ದರೆ ಅರ್ಧ ಬೀದಿ ಪರಿಚಯವಾಗುತ್ತದೆ.

ಮನೆ, ನೀರು ಮತ್ತು ಬಿಸಿಲು

ದ್ವೀಪಗಳಲ್ಲಿ ಮನೆ ಹಿಡಿಯುವಾಗ ಋತುವಿನ ಲೆಕ್ಕ ನೋಡಬೇಕು. ಮೇ ತಿಂಗಳಿನಿಂದ ಅಕ್ಟೋಬರಿನವರೆಗೆ ಪ್ರವಾಸಿಗಳ ಕಾಲ. ಆಗ ಕಡಲ ದಂಡೆಯ ಹಳ್ಳಿಗಳಲ್ಲಿ ಬಾಡಿಗೆ ಏರುತ್ತದೆ. ಚಳಿಗಾಲದಲ್ಲಿ ಅದೇ ಹಳ್ಳಿಗಳ ಹೋಟೆಲು, ಅಂಗಡಿಗಳಲ್ಲಿ ಬಹಳಷ್ಟು ಬಾಗಿಲು ಹಾಕುತ್ತವೆ. ಅಗ್ಗಕ್ಕೆ ಸಿಕ್ಕಿತೆಂದು ಅಂಥ ಕಡೆ ಮನೆ ಹಿಡಿದರೆ ಜನವರಿಯಲ್ಲಿ ಬೀದಿಯಲ್ಲಿ ಮಾತಾಡಿಸಲು ಜನವಿರುವುದಿಲ್ಲ. ವರ್ಷವಿಡೀ ಜನ ವಾಸಿಸುವ ಪಟ್ಟಣವೇ ಒಬ್ಬರೇ ಇರುವವರಿಗೆ ಸರಿ. ನಮ್ಮ ಹುಡುಗಿ ಮಿತಿಲೀನಿಯ ಹಳೆಯ ಬೀದಿಯೊಂದರಲ್ಲಿ ಒಂದು ಕೋಣೆ, ಅಡುಗೆಮನೆ ಇರುವ ಮನೆ ಹಿಡಿದಳು.

ಅಲ್ಲಿನ ಬಹಳಷ್ಟು ತಾರಸಿಗಳ ಮೇಲೆ ನೀರು ಕಾಯಿಸುವ ಸೌರ ಫಲಕಗಳಿವೆ. ಬಿಸಿಯಾದ ನೀರಿನ ಸಾಂದ್ರತೆ ಕಡಿಮೆ. ಅದು ಮೇಲಿನ ತೊಟ್ಟಿಗೆ ತಾನೇ ಏರುತ್ತದೆ, ತಣ್ಣೀರು ಕೆಳಗಿಳಿದು ಫಲಕಕ್ಕೆ ಬರುತ್ತದೆ. ಪಂಪು ಬೇಕಿಲ್ಲ. ಒಂಬತ್ತನೇ ತರಗತಿಯ ಸಂವಹನದ ಪಾಠವೇ ತಾರಸಿಯ ಮೇಲೆ ಕೂತಂತೆ! ಮೋಡ ಮುಚ್ಚಿದ ದಿನ ಮಾತ್ರ ವಿದ್ಯುತ್ ಸ್ವಿಚ್ ಹಾಕಬೇಕು.

ನೀರಿನ ವಿಷಯದಲ್ಲಿ ನಮ್ಮ ಅಭ್ಯಾಸ ತಲೆಕೆಳಗಾಗುತ್ತದೆ. ನಮಗೆ ಮಳೆ ಬರುವ ಜೂನ್, ಜುಲೈ ಅವರಿಗೆ ಬಟ್ಟಬರಿಯ ಒಣ ತಿಂಗಳುಗಳು. ಮಳೆ ಬೀಳುವುದು ನವೆಂಬರಿನಿಂದ ಮಾರ್ಚಿಯವರೆಗೆ, ಚಳಿಯ ಜೊತೆಗೆ. ಲೆಸ್ವೊಸಿನಲ್ಲಿ ಊಟೆಗಳಿರುವುದರಿಂದ ಪರವಾಗಿಲ್ಲ. ದಕ್ಷಿಣದ ಸಣ್ಣ ದ್ವೀಪಗಳಲ್ಲಿ ಮಳೆ ಇನ್ನೂ ಕಡಿಮೆ. ಅಲ್ಲಿ ಹಿಂದಿನಿಂದಲೂ ಮನೆಯ ಕೆಳಗೆ ತೊಟ್ಟಿ ಕಟ್ಟಿ ತಾರಸಿಯ ಮಳೆನೀರು ಕೂಡಿಡುತ್ತಿದ್ದರು. ಈಗ ಅನೇಕ ಕಡೆ ಸಮುದ್ರದ ನೀರಿನ ಉಪ್ಪು ತೆಗೆಯುವ ಯಂತ್ರಗಳಿವೆ. ಯಾವ ದ್ವೀಪಕ್ಕೆ ಹೋದರೂ ಮನೆಯವರನ್ನು ಮೊದಲ ದಿನವೇ ಕೇಳಬೇಕಾದದ್ದು, ನಲ್ಲಿಯ ನೀರು ಕುಡಿಯಬಹುದೇ ಎಂಬುದು. ಇನ್ನೊಂದು ಮಾತು: ಅಲ್ಲಿ ಶೌಚದ ಕೊಳವೆಗಳು ಕಿರಿದು. ಕಾಗದವನ್ನು ಒಳಗೆ ಹಾಕದೆ ಪಕ್ಕದ ಬುಟ್ಟಿಗೆ ಹಾಕುವುದು ರೂಢಿ.

ಮಧ್ಯಾಹ್ನದ ಮೌನ, ಉಪವಾಸದ ಊಟ

ಮಧ್ಯಾಹ್ನ ಎರಡೂವರೆಯ ಹೊತ್ತಿಗೆ ಬೀದಿಯ ಅಂಗಡಿಗಳು ಮುಚ್ಚುತ್ತವೆ. ವಾರದಲ್ಲಿ ಕೆಲವು ದಿನ ಮಾತ್ರ ಸಂಜೆ ಮತ್ತೆ ತೆರೆಯುತ್ತವೆ. ಊಟ ಮಾಡಿ ಮಲಗುವ ಆ ಹೊತ್ತಿನಲ್ಲಿ ಜೋರಾಗಿ ರೇಡಿಯೋ ಹಾಕುವುದು, ಗೋಡೆಗೆ ಮೊಳೆ ಹೊಡೆಯುವುದು ಸಲ್ಲದು. ಇದಕ್ಕೆ ಕಾನೂನೂ ಉಂಟು. ಹೊಸಬರು ಅಕ್ಕಪಕ್ಕದವರ ಕೋಪಕ್ಕೆ ಗುರಿಯಾಗುವುದು ಸಾಮಾನ್ಯವಾಗಿ ಈ ವಿಷಯದಲ್ಲೇ.

ಸಸ್ಯಾಹಾರಿ ಮನೆಗಳವರಿಗೆ ಊಟದ್ದೇ ದೊಡ್ಡ ಚಿಂತೆ. ಗ್ರೀಕರು ಮೀನು, ಮಾಂಸ ತಿನ್ನುವವರೇ. ಆದರೆ ಅವರ ಆರ್ಥೊಡಾಕ್ಸ್ ಧರ್ಮದಲ್ಲಿ ವ್ರತದ ದಿನಗಳು ಬಹಳ. ಬುಧವಾರ, ಶುಕ್ರವಾರ ಮತ್ತು ಈಸ್ಟರಿಗೆ ಮುಂಚಿನ ದೀರ್ಘ ಅವಧಿಯಲ್ಲಿ ನೇಮದವರು ಮಾಂಸ, ಮೊಟ್ಟೆ, ಹಾಲು ಮುಟ್ಟುವುದಿಲ್ಲ. ಅಂಥ ಅಡುಗೆಗೆ ‘ನಿಸ್ತಿಸಿಮೊ’ ಎಂದು ಹೆಸರು. ಬಿಳಿ ಹುರುಳಿಕಾಯಿ ಬೀಜದ ಸಾರು ‘ಫಸೊಲಾದ’, ಇಡೀ ಮಸೂರದ ‘ಫಾಕೆಸ್’, ಕಡಲೆಕಾಳಿನ ‘ರೆವಿಥಿಯ’, ಬೇಯಿಸಿದ ಕಾಡುಸೊಪ್ಪಿನ ‘ಹೋರ್ತ’, ಇವೆಲ್ಲ ನಮ್ಮ ಬೇಳೆ ಸೊಪ್ಪಿನ ದೂರದ ನೆಂಟರು. ಒಂದು ಎಚ್ಚರಿಕೆ: ರಕ್ತವಿಲ್ಲದ್ದೆಂದು ಎಣಿಸುವ ಆಕ್ಟೋಪಸ್, ಚಿಪ್ಪುಮೀನುಗಳು ಈ ವ್ರತದಲ್ಲಿ ನಿಷಿದ್ಧವಲ್ಲ. ಆದ್ದರಿಂದ ‘ಹೋರಿಸ್ ಕ್ರೆಯಾಸ್’, ಅಂದರೆ ಮಾಂಸವಿಲ್ಲದೆ, ಎಂದರೂ ಸಾಲದು. ಏನೇನು ಹಾಕಿದ್ದಾರೆಂದು ಕೇಳಿಯೇ ತಿನ್ನಬೇಕು. ನಮ್ಮ ಹುಡುಗಿ ಒಂದು ಸಣ್ಣ ಕುಕ್ಕರು, ಅಮ್ಮ ಮಾಡಿಕೊಟ್ಟ ಸಾರಿನ ಪುಡಿ ಒಯ್ದಿದ್ದಳು. ಬೇಳೆಗೆ ಮಸೂರ ಅಲ್ಲೇ ಸಿಕ್ಕಿತು.

ಕತ್ತಲೆಯ ತಿಂಗಳು

ಮೊದಲ ಎರಡು ತಿಂಗಳು ಹೊಸತನದ ಉತ್ಸಾಹದಲ್ಲಿ ಕಳೆಯುತ್ತವೆ. ಪರೀಕ್ಷೆ ಬರುವುದು ಡಿಸೆಂಬರಿನಲ್ಲಿ. ಒಂದು ದಿನ ಆಕೆ ಫೋನು ಮಾಡಿದಾಗ ದನಿ ಕುಗ್ಗಿತ್ತು. “ಸರ್, ಐದು ಗಂಟೆಗೆಲ್ಲ ಕತ್ತಲಾಗುತ್ತೆ. ಮಳೆ, ಚಳಿ. ಬಾಗಿಲು ಹಾಕಿಕೊಂಡರೆ ಮಾರನೇ ದಿನದವರೆಗೆ ಯಾರ ಮುಖವೂ ಕಾಣಲ್ಲ. ವಾಪಸು ಬಂದುಬಿಡೋಣ ಅನ್ನಿಸುತ್ತೆ” ಎಂದಳು.

ಇಲ್ಲಿ ವಿಜ್ಞಾನ ಸ್ವಲ್ಪ ಸಹಾಯಕ್ಕೆ ಬರುತ್ತದೆ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ನಮ್ಮ ಅತಿ ಚಿಕ್ಕ ಹಗಲಿಗೂ ಅತಿ ದೊಡ್ಡ ಹಗಲಿಗೂ ಒಂದೂವರೆ ಗಂಟೆಯಷ್ಟೇ ಅಂತರ. ಮಿತಿಲೀನಿ ಇರುವುದು 39 ಡಿಗ್ರಿಯಲ್ಲಿ. ಅಲ್ಲಿ ಜೂನಿನ ಹಗಲು ಹದಿನಾಲ್ಕೂ ಮುಕ್ಕಾಲು ಗಂಟೆ, ಡಿಸೆಂಬರಿನದು ಒಂಬತ್ತೂವರೆ ಗಂಟೆ. ಅಂತರ ಐದು ಗಂಟೆಗೂ ಹೆಚ್ಚು. ವರ್ಷವಿಡೀ ಒಂದೇ ಬಗೆಯ ಬೆಳಕಿಗೆ ಒಗ್ಗಿದ ನಮ್ಮ ದೇಹ ಇದನ್ನು ಥಟ್ಟನೆ ಒಪ್ಪಿಕೊಳ್ಳುವುದಿಲ್ಲ. ನಿದ್ದೆ ಏರುಪೇರಾಗುತ್ತದೆ, ಮನಸ್ಸು ಮಂಕಾಗುತ್ತದೆ. ಇದು ಹುಡುಗಿಯ ದೌರ್ಬಲ್ಯವಲ್ಲ, ಭೂಮಿಯ ಅಕ್ಷ ಇಪ್ಪತ್ಮೂರೂವರೆ ಡಿಗ್ರಿ ವಾಲಿರುವುದರ ಫಲ. ಹಾಗೆಂದೇ ಅವಳಿಗೆ ಹೇಳಿದೆ. ಕಾರಣ ತಿಳಿದರೆ ಅರ್ಧ ಭಾರ ಇಳಿಯುತ್ತದೆ.

ಉಳಿದರ್ಧಕ್ಕೆ ಒಂದು ಕೆಲಸ ಕೊಟ್ಟೆ. “ಒಂದು ಮೀಟರ್ ಉದ್ದದ ಕೋಲು ತಗೋ ಕಣಮ್ಮ. ಬಿಸಿಲಿದ್ದ ದಿನ ಮಧ್ಯಾಹ್ನ ಹನ್ನೆರಡೂ ಹತ್ತರ ಸುಮಾರಿಗೆ ಮನೆಯ ಮುಂದೆ ನೆಟ್ಟಗೆ ನಿಲ್ಲಿಸು. ನೆರಳು ಅತ್ಯಂತ ಗಿಡ್ಡವಾದಾಗ ಅಳೆದು ಬರೆದಿಡು.” ಡಿಸೆಂಬರ್ 21ರ ಸುಮಾರಿಗೆ ಮಿತಿಲೀನಿಯಲ್ಲಿ ನಡುಹಗಲ ಸೂರ್ಯ 27 ಡಿಗ್ರಿ ಚಿಲ್ಲರೆ ಎತ್ತರದಲ್ಲಿರುತ್ತಾನೆ. ಒಂದು ಮೀಟರ್ ಕೋಲಿನ ನೆರಳು 1.9 ಮೀಟರ್. ಅದೇ ದಿನ ಬೆಂಗಳೂರಿನಲ್ಲಿ 74 ಸೆಂಟಿಮೀಟರ್ ಮಾತ್ರ. ಅಲ್ಲಿಂದ ಮುಂದೆ ನೆರಳು ಕುಗ್ಗುತ್ತ ಹೋಗುತ್ತದೆ. ಮಾರ್ಚ್ 21ಕ್ಕೆ 81 ಸೆಂಟಿಮೀಟರ್, ಜೂನ್ 21ಕ್ಕೆ 28 ಸೆಂಟಿಮೀಟರ್.

ಈ ಕೋಲಿನಿಂದ ಎರಡು ಲಾಭವಾದವು. ಬೆಳಕು ದಿನದಿನಕ್ಕೂ ಹಿಂತಿರುಗುತ್ತಿದೆ ಎಂಬುದು ಕಾಗದದ ಮೇಲೆ ಅಂಕಿಯಾಗಿ ಕಂಡಿತು. ಎರಡನೆಯದು ನಾನು ಎಣಿಸದ್ದು. ದಿನವೂ ಅದೇ ಹೊತ್ತಿಗೆ ಬೀದಿಯಲ್ಲಿ ಕೋಲು ಹಿಡಿದು ನಿಲ್ಲುವ ಪರದೇಶದ ಹುಡುಗಿಯನ್ನು ಎದುರು ಮನೆಯ ಅಜ್ಜಿ ಮೂರನೇ ದಿನ ಬಂದು ಮಾತಾಡಿಸಿದರು. ಅಜ್ಜಿಗೆ ಗ್ರೀಕಿನಲ್ಲಿ ‘ಯಾಯಾ’ ಎನ್ನುತ್ತಾರೆ. ಯಾಯಾಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಇವಳಿಗೆ ಗ್ರೀಕ್ ಸಾಲದು. ಆದರೂ ನೆರಳನ್ನು ತೋರಿಸಿ ಸೂರ್ಯನನ್ನು ತೋರಿಸಿದರೆ ಯಾವ ಭಾಷೆಯೂ ಬೇಡವಲ್ಲ! ಆ ವಾರವೇ ಯಾಯಾ ಮನೆಯಿಂದ ಮಸೂರದ ಸಾರು ಬಂತು. ಇವಳ ಮನೆಯಿಂದ ಚಿತ್ರಾನ್ನ ಹೋಯಿತು. ಜನವರಿಯ ಒಂದು ಭಾನುವಾರ ಅವರ ಮನೆಯವರ ಜೊತೆ ಆಲಿವ್ ಕೊಯ್ಲಿಗೂ ಹೋಗಿಬಂದಳು. ಲೆಸ್ವೊಸಿನಲ್ಲಿ ಒಂದು ಕೋಟಿಗೂ ಹೆಚ್ಚು ಆಲಿವ್ ಮರಗಳಿವೆಯೆಂದು ಲೆಕ್ಕ. ಮರದ ಕೆಳಗೆ ಬಲೆ ಹಾಸಿ, ಕೋಲಿನಿಂದ ಕೊಂಬೆ ಬಡಿದು ಕಾಯಿ ಉದುರಿಸುತ್ತಾರೆ. ನಮ್ಮ ಹುಣಸೆ ಬಡಿಯುವ ಹಾಗೆ. ವಾಪಸು ಬರುವ ಮಾತು ಆಮೇಲೆ ಫೋನಿನಲ್ಲಿ ಕೇಳಲಿಲ್ಲ.

ಗಾಳಿ ಹೇಳಿದಂತೆ ಹಡಗು

ದ್ವೀಪದಲ್ಲಿ ಇರುವವರು ಗಡಿಯಾರಕ್ಕಿಂತ ಗಾಳಿಯನ್ನು ನೋಡಬೇಕು. ಗಾಳಿಯ ಬಲವನ್ನು ಬೋಫರ್ಟ್ ಮಾಪನದಲ್ಲಿ ಹೇಳುತ್ತಾರೆ. ಎಂಟನೇ ಅಂಕ ಎಂದರೆ ಗಂಟೆಗೆ 62ರಿಂದ 74 ಕಿಲೋಮೀಟರ್ ವೇಗ. ಅಷ್ಟಾದಾಗ ಸಾಮಾನ್ಯವಾಗಿ ಬಂದರಿನ ಅಧಿಕಾರಿಗಳು ಹಡಗುಗಳನ್ನು ತಡೆಯುತ್ತಾರೆ. ಈ ತಡೆಗೆ ‘ಅಪಗೊರೆಫ್ತಿಕೊ’ ಎಂದು ಹೆಸರು. ಒಂದು ದಿನವೋ ಎರಡು ದಿನವೋ ಹಡಗಿಲ್ಲ ಎಂದರೆ ಇಲ್ಲ, ಯಾರನ್ನು ಬೇಡಿದರೂ ಪ್ರಯೋಜನವಿಲ್ಲ. ಆದ್ದರಿಂದ ಊರಿಗೆ ಬರುವ ವಿಮಾನ ಅಥೆನ್ಸಿನಿಂದ ಹೊರಡುವ ದಿನಕ್ಕೆ ಎರಡು ದಿನ ಮುಂಚೆಯೇ ದ್ವೀಪ ಬಿಡಬೇಕು. ನಿತ್ಯ ಬಳಸುವ ಔಷಧಿಯಿದ್ದರೆ ಒಂದು ವಾರದ್ದಾದರೂ ಹೆಚ್ಚಿಗೆ ಇಟ್ಟುಕೊಂಡಿರಬೇಕು.

ಬೇಸಿಗೆಯ ಗಾಳಿಯ ಕಥೆ ಇನ್ನೂ ಸ್ವಾರಸ್ಯದ್ದು. ಜುಲೈ, ಆಗಸ್ಟಿನಲ್ಲಿ ನಿರ್ಮಲ ಆಕಾಶದಲ್ಲಿ ಉತ್ತರದಿಂದ ಜೋರಾಗಿ ಬೀಸುವ ಗಾಳಿಗೆ ‘ಮೆಲ್ತೆಮಿ’ ಎನ್ನುತ್ತಾರೆ. ಬೇಸಿಗೆಯಲ್ಲಿ ಏಷ್ಯಾದ ನೆಲ ಕಾದು ಉತ್ತರ ಭಾರತದಿಂದ ಇರಾನಿನ ಮೇಲೆ ಟರ್ಕಿಯವರೆಗೂ ಕಡಿಮೆ ಒತ್ತಡದ ಪಟ್ಟಿ ಹಬ್ಬುತ್ತದೆ. ಆಗ ಬಾಲ್ಕನ್ ದೇಶಗಳ ಕಡೆ ಒತ್ತಡ ಹೆಚ್ಚು. ಎರಡರ ನಡುವೆ ಸಿಕ್ಕಿದ ಏಜಿಯನ್ ಸಮುದ್ರದ ಮೇಲೆ ಗಾಳಿ ನುಗ್ಗುತ್ತದೆ. ಅಷ್ಟೇ ಅಲ್ಲ, ನಮ್ಮ ಮುಂಗಾರಿನಲ್ಲಿ ಮೇಲೇರುವ ಅಪಾರ ಗಾಳಿಯ ಪ್ರಭಾವದಿಂದ ಪೂರ್ವ ಮೆಡಿಟರೇನಿಯನ್ ಮೇಲೆ ಗಾಳಿ ಕೆಳಗಿಳಿಯುತ್ತದೆ. ಇಳಿಯುವ ಗಾಳಿ ಬಿಸಿಯಾಗಿ ಒಣಗುವುದರಿಂದ ಅಲ್ಲಿ ಮೋಡ ಕಟ್ಟುವುದಿಲ್ಲ. ರಾಡ್‌ವೆಲ್ ಮತ್ತು ಹಾಸ್ಕಿನ್ಸ್ ಎಂಬ ಹವಾಮಾನ ವಿಜ್ಞಾನಿಗಳು 1996ರಲ್ಲಿ ಈ ನಂಟನ್ನು ವಿವರಿಸಿದರು. ಜೂನಿನಲ್ಲಿ ಅಪ್ಪ ಊರಿನಿಂದ “ಇಲ್ಲಿ ಮಳೆ ಹಿಡಿಯಿತು” ಎಂದರೆ, ಮಗಳು ಅಲ್ಲಿಂದ “ಇಲ್ಲಿ ಒಂದು ಹನಿಯೂ ಇಲ್ಲ” ಎನ್ನುತ್ತಿದ್ದಳು. ಇಬ್ಬರೂ ಹೇಳುತ್ತಿದ್ದದ್ದು ಒಂದೇ ಯಂತ್ರದ ಎರಡು ತುದಿಗಳ ಸುದ್ದಿ!

ತಂದೆತಾಯಿಯರು ತಿಳಿದಿರಬೇಕಾದದ್ದು

ಅಪಾಯಗಳಿಲ್ಲವೆಂದಲ್ಲ. ಏಜಿಯನ್ ಪ್ರದೇಶ ಭೂಕಂಪದ ವಲಯ. 2017ರ ಜೂನ್ 12ರಂದು ಲೆಸ್ವೊಸಿನ ಬಳಿ 6.3 ಪ್ರಮಾಣದ ಕಂಪನವಾಗಿ ವ್ರೀಸ ಎಂಬ ಹಳ್ಳಿ ಬಹಳ ಮಟ್ಟಿಗೆ ಕುಸಿಯಿತು, ಒಂದು ಜೀವ ಹೋಯಿತು. 2022ರ ಜುಲೈನಲ್ಲಿ ದಕ್ಷಿಣ ದಂಡೆಯ ವಟೆರಾ ಬಳಿ ಕಾಡ್ಗಿಚ್ಚು ಹಬ್ಬಿ ಜನರನ್ನು ಸ್ಥಳಾಂತರಿಸಬೇಕಾಯಿತು. ಹೋದ ಮೊದಲ ವಾರದಲ್ಲೇ ಮನೆಯ ಹತ್ತಿರದ ಬಯಲು ಯಾವುದು, ಆಸ್ಪತ್ರೆ ಎಲ್ಲಿದೆ ಎಂದು ನೋಡಿಟ್ಟುಕೊಳ್ಳಬೇಕು. ತುರ್ತು ಕರೆಗೆ ಅಲ್ಲಿಯೂ 112, ನಮ್ಮಲ್ಲಿರುವ ಅದೇ ಸಂಖ್ಯೆ. ಬೆಂಕಿ, ಬಿರುಗಾಳಿಯ ಮುನ್ಸೂಚನೆ ಇದೇ ವ್ಯವಸ್ಥೆಯಿಂದ ಮೊಬೈಲಿಗೂ ಬರುತ್ತದೆ.

ಪರಕೀಯರನ್ನು ಆ ಜನ ಹೇಗೆ ಕಾಣುತ್ತಾರೆ ಎಂಬ ಅಳುಕೂ ಇರುತ್ತದೆ. 1922ರ ಯುದ್ಧದ ನಂತರ ಟರ್ಕಿಯ ಕಡೆಯಿಂದ ದೋಣಿಗಳಲ್ಲಿ ಬಂದ ನಿರಾಶ್ರಿತರ ಮೊಮ್ಮಕ್ಕಳು, ಮರಿಮಕ್ಕಳು ಈ ದ್ವೀಪದಲ್ಲಿ ಬಹಳ ಮಂದಿ. 2015ರಲ್ಲಿ ಸಿರಿಯಾ ಮುಂತಾದ ದೇಶಗಳಿಂದ ಐದು ಲಕ್ಷಕ್ಕೂ ಹೆಚ್ಚು ಜನ ಇದೇ ದಂಡೆಗೆ ಬಂದಿಳಿದರು. ದ್ವೀಪದ ಜನಸಂಖ್ಯೆಯ ಆರು ಪಟ್ಟು! ಅದರಿಂದ ಅಲ್ಲಿ ಜಗಳ, ಬೇಸರ ಆಗಿಲ್ಲವೆಂದಲ್ಲ. ಆದರೆ ಸಮುದ್ರದಲ್ಲಿ ತೇಲುತ್ತಿದ್ದವರನ್ನು ಎತ್ತಿ ದಡ ಸೇರಿಸಿದ ಬೆಸ್ತರೂ ಆ ಊರಿನವರೇ. ಪರಸ್ಥಳದವರೆಂದರೆ ಏನೆಂದು ಬಲ್ಲ ಜನ ಅವರು.

ಮನೆಯವರಿಗೆ ಒಂದು ಕಿವಿಮಾತು. ಗ್ರೀಸಿನ ಗಡಿಯಾರ ಚಳಿಗಾಲದಲ್ಲಿ ನಮಗಿಂತ ಮೂರೂವರೆ ಗಂಟೆ, ಬೇಸಿಗೆಯಲ್ಲಿ ಎರಡೂವರೆ ಗಂಟೆ ಹಿಂದೆ. ವಾರದಲ್ಲಿ ಎರಡು ದಿನ, ಗೊತ್ತುಮಾಡಿದ ಹೊತ್ತಿಗೆ ಮಾತಾಡಿದರೆ ಸಾಕು. ಗಂಟೆಗೊಮ್ಮೆ ಫೋನು ಮಾಡಿ “ಊಟ ಆಯ್ತಾ, ಮಲಗಿದೆಯಾ” ಎಂದು ಕೇಳುತ್ತಿದ್ದರೆ ಮಗುವಿನ ದೇಹ ದ್ವೀಪದಲ್ಲಿರುತ್ತದೆ, ಮನಸ್ಸು ನಿಮ್ಮ ನಡುಮನೆಯಲ್ಲೇ ಇರುತ್ತದೆ. ಎದುರು ಮನೆಯ ಯಾಯಾ ಸಿಗುವುದು ಬೀದಿಗೆ ಇಳಿದವರಿಗೆ ಮಾತ್ರ.

ಅರಿಸ್ಟಾಟಲ್ ಕಂಡ ಕೊಲ್ಲಿ

ಲೆಸ್ವೊಸಿನ ನಡುವೆ ಕಲೋನಿ ಎಂಬ ಕೊಲ್ಲಿಯಿದೆ. ಕಿರಿದಾದ ಬಾಯಿಯ, ಒಳಗೆ ಅಗಲವಾದ ಉಪ್ಪುನೀರಿನ ಕೆರೆಯಂತಿದೆ. ದಂಡೆಯಲ್ಲಿ ಉಪ್ಪಿನ ಗದ್ದೆಗಳು, ಅಲ್ಲಿ ಫ್ಲಮಿಂಗೊ ಹಕ್ಕಿಗಳು. ನಮ್ಮ ಹುಡುಗಿಯ ಸಂಶೋಧನೆ ನಡೆದದ್ದು ಅದರ ಜೌಗು ನೆಲದಲ್ಲಿ. ಕ್ರಿಸ್ತಪೂರ್ವ 345ರ ಸುಮಾರಿಗೆ ಈ ದ್ವೀಪಕ್ಕೆ ಬಂದು ಎರಡು ವರ್ಷದಷ್ಟು ನೆಲೆಸಿದ ಇನ್ನೊಬ್ಬ ಸಂಶೋಧಕ ಅರಿಸ್ಟಾಟಲ್. ಆಗ ಅವನಿಗೆ ನಲವತ್ತರ ಆಸುಪಾಸು. ಸಸ್ಯಶಾಸ್ತ್ರದ ಪಿತಾಮಹ ಎನ್ನಿಸಿಕೊಂಡ ಥಿಯೊಫ್ರಾಸ್ಟಸ್ ಇದೇ ದ್ವೀಪದ ಎರೆಸೊಸ್ ಊರಿನವನು. ಅರಿಸ್ಟಾಟಲನ ಪ್ರಾಣಿಗಳ ಕುರಿತ ಗ್ರಂಥದಲ್ಲಿ ಈ ಕೊಲ್ಲಿ ಹಲವು ಸಲ ಬರುತ್ತದೆ. ಆಗ ಅದಕ್ಕೆ ಪಿರ್ರಾ ಎಂದು ಹೆಸರು. ಕಡಲ ಮುಳ್ಳುಚೆಂಡಿನ ಐದು ಹಲ್ಲುಗಳ ಬಾಯನ್ನು ಅವನು ಲಾಂದ್ರಕ್ಕೆ ಹೋಲಿಸಿದ. ಇಂದಿಗೂ ಜೀವಶಾಸ್ತ್ರದಲ್ಲಿ ಅದಕ್ಕೆ ‘ಅರಿಸ್ಟಾಟಲನ ಲಾಂದ್ರ’ ಎಂದೇ ಹೆಸರು.

ಅವನ ಬರಹದಲ್ಲಿ ಒಂದು ಸಣ್ಣ ಸಂಗತಿ ಇದೆ. ಚಳಿಗಾಲ ಬಂದಾಗ ಈ ಕೊಲ್ಲಿಯ ನೀರು ಹೊರಗಿನ ಸಮುದ್ರಕ್ಕಿಂತ ತಣ್ಣಗಾಗುವುದರಿಂದ ಮೀನುಗಳು ಹೊರಗೆ ಈಜಿಹೋಗುತ್ತವೆ, ಗೋಬಿ ಎಂಬ ಮೀನು ಮಾತ್ರ ಉಳಿಯುತ್ತದೆ, ಬೇಸಿಗೆಯ ಮೊದಲಲ್ಲಿ ಉಳಿದವು ಮರಳಿ ಬರುತ್ತವೆ ಎಂದು ಅವನು ಬರೆದಿದ್ದಾನೆ. ಬೇಸಿಗೆಯಲ್ಲಿ ನಾಲ್ಕು ದಿನ ಬಂದು ಹೋಗುವವನಿಗೆ ಇದು ಕಾಣುವುದಿಲ್ಲ. ತಾನೇ ಚಳಿಗಾಲ ಕಳೆದು ನೋಡಬೇಕು, ಇಲ್ಲವೇ ವರ್ಷವಿಡೀ ಅಲ್ಲೇ ಇರುವ ಬೆಸ್ತರ ಜೊತೆ ಕೂತು ಕೇಳಬೇಕು.

ಒಂದು ಊರಿನಲ್ಲಿ ನೆಲೆಸುವುದೆಂದರೆ ಇದೇ. ಅದರ ಒಳ್ಳೆಯ ಋತುವನ್ನು ಮಾತ್ರವಲ್ಲ, ಕೆಟ್ಟ ಋತುವನ್ನೂ ಕಳೆಯಬೇಕು. ದೂರದೇಶಕ್ಕೆ ಹೊರಟ ಮಕ್ಕಳಿಗೆ ಡಿಸೆಂಬರು ಬಂದೇ ಬರುತ್ತದೆ, ಅದು ಗ್ರೀಸಿನ ದ್ವೀಪವಿರಲಿ, ಬೇರೆ ಯಾವ ಊರಿರಲಿ. ಆಗ ಅವರನ್ನು ವಾಪಸು ಕರೆಯುವ ಆತುರ ಬೇಡ, ಗದರಿಸುವುದೂ ಬೇಡ. ಕತ್ತಲಾಗುವುದು ಏಕೆಂದು ತಿಳಿಸಿ ಹೇಳಿ, ದಿನಕ್ಕೊಮ್ಮೆ ಬೀದಿಗೆ ಇಳಿಯುವ ಒಂದು ಕೆಲಸ ಹಚ್ಚಿ. ಹೊರಡುವ ಮಕ್ಕಳು ಸೂಟ್‌ಕೇಸಿನಲ್ಲಿ ಸಾರಿನ ಪುಡಿಯ ಪಕ್ಕ ಒಂದು ಅಳತೆ ಟೇಪು, ಒಂದು ನೋಟುಬುಕ್ಕು ಇಟ್ಟುಕೊಳ್ಳಲಿ. ಕೋಲು ಎಲ್ಲ ಊರಿನಲ್ಲೂ ಸಿಗುತ್ತದೆ.